ಒಡ್ಡಿನ ಕೆಳಗೆ ಕೂತ ಕಾಂಚನ

ಕರ್ನಾಟಕದ ಗಡಿಯಾಚೆಯ ಗಡಹಿಂಗ್ಲಜದಿಂದ ಉತ್ತೂರಿನ ಕಡೆ ಹೋಗುವ ಬಸ್ಸನ್ನು ಅರ್ಧ ದಾರಿಯಲ್ಲಿ ಇಳಿದು, ಎಡಕ್ಕೆ ಕಬ್ಬಿನ ಹೊಲಗಳ ನಡುವೆ ಏರುತ್ತ ಹೋದರೆ ಮಗದುಮ್ಮರ ತೋಟದ ಮನೆ ಸಿಗುತ್ತದೆ. ಮನೆಯ ಹಿಂದೆ ಎರಡು ದಿನ್ನೆ. ಅವುಗಳ ನಡುವಿನ ಹಳ್ಳಕ್ಕೆ ಅಡ್ಡಲಾಗಿ ಒಂದು ಮಣ್ಣಿನ ಒಡ್ಡು. ಅದು ಸರಕಾರದ್ದಲ್ಲ. ಕಾಕಾಸಾಹೇಬ ಮಗದುಮ್ಮ ಎಂಬ ಜೈನ ರೈತರು 1986ರಲ್ಲಿ ತಮ್ಮದೇ ಹೊಲದಲ್ಲಿ, ತಮ್ಮದೇ ಎತ್ತು, ಬಾಡಿಗೆಯ ಟ್ರ್ಯಾಕ್ಟರು ಹಚ್ಚಿ ಕಟ್ಟಿಸಿದ್ದು. ಮೂವತ್ತು ಅಡಿ ಎತ್ತರ. ಹಿಂದೆ ನಿಂತ ನೀರಿನಿಂದ ಅವರ ಅಷ್ಟೂ ಕಬ್ಬು ಬೆಳೆಯುತ್ತದೆ.

ಕಾಂಚನ ಆ ಮನೆಗೆ ಸೊಸೆಯಾಗಿ ಬಂದದ್ದು 2003ರಲ್ಲಿ, ಪಂಚಗಂಗೆಯ ದಡದ ಶಿರೋಳದಿಂದ. ಮದುವೆಯಾದ ಮರುದಿನವೇ ಮಾವ ಅವಳನ್ನು ಒಡ್ಡಿನ ಮೇಲೆ ಕರೆದುಕೊಂಡು ಹೋಗಿ ನೀರು ತೋರಿಸಿದ್ದರು. ಅವಳು ನೀರನ್ನು ನೋಡಿ, ತಿರುಗಿ ಆಚೆ ಬದಿಗೂ ನೋಡಿದಳು. ಒಡ್ಡಿನ ಬುಡದಿಂದ ನೂರಿನ್ನೂರು ಹೆಜ್ಜೆ ದೂರದಲ್ಲಿ ಏಳು ತಗಡಿನ ಮನೆಗಳು. ಕುರಿ ಸಾಕುವವರ ಮನೆಗಳು. ಅವರ ಹಿರಿಯರು ಕರ್ನಾಟಕದ ಕಡೆಯಿಂದ ಬಂದವರು, ಜಾಗ ಕೊಟ್ಟು ಕೂರಿಸಿದವರು ಕಾಕಾಸಾಹೇಬರೇ.

"ಅವರ ಮನಿ ನೀರಿಗಿಂತಾ ಕೆಳಗ ಅದಾವಲ್ರೀ?" ಎಂದು ಅವಳು ಗಂಡ ಜಿನೇಂದ್ರನನ್ನು ಮೆಲ್ಲಗೆ ಕೇಳಿದಳು.

ಜಿನೇಂದ್ರ ನಕ್ಕ. "ಶಿರೋಳದಾಕಿ ನೀ. ನಿನಗ ನೀರಂದ್ರ ಅಂಜಿಕಿ."

ಅಂಜಿಕೆ ನಿಜವಾಗಿ ಬಂದದ್ದು ಅದಕ್ಕೆ ಎರಡು ವರ್ಷದ ಮೇಲೆ. 2005ರ ಮಳೆಗಾಲದಲ್ಲಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮಗಳು ಹರ್ಷದಾ ಹುಟ್ಟಿ ಹತ್ತೊಂಬತ್ತು ದಿನವಾಗಿತ್ತು. ಪಂಚಗಂಗೆ ಊರೊಳಗೆ ಬಂತು. ಮನೆಮಂದಿಯೆಲ್ಲ ಮಾಳಿಗೆ ಹತ್ತಿ ಎರಡು ದಿನ ಕೂತರು. ಅವಳ ಅಪ್ಪ ಗಂಟೆಗೊಮ್ಮೆ ಇಳಿದು ಹೋಗಿ ನೀರು ಯಾವ ಮೆಟ್ಟಿಲಿಗೆ ಬಂದಿದೆ ಎಂದು ಸೀಮೆಸುಣ್ಣದಿಂದ ಗೆರೆ ಎಳೆದು ಬರುತ್ತಿದ್ದ. ಕೂಸನ್ನು ಎದೆಗವುಚಿಕೊಂಡು ಕಾಂಚನ ಆ ಗೆರೆಗಳನ್ನು ಎಣಿಸುತ್ತ ಕೂತಿದ್ದಳು. ಕೊನೆಗೆ ದೋಣಿ ಬಂತು, ಎಲ್ಲರೂ ಉಳಿದರು. ಗಂಡನ ಮನೆಗೆ ಮರಳಿ, ಮತ್ತೆ ಒಡ್ಡಿನ ಮೇಲೆ ನಿಂತಾಗ ಅವಳಿಗೆ ಹೊಳೆದದ್ದು ಒಂದೇ: ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಬಂತು, ಓಡಲು ಹೊತ್ತು ಕೊಟ್ಟಿತು. ಇಲ್ಲಿಯದು ಹಾಗೆ ಬರುವುದಿಲ್ಲ.

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ನಗುತ್ತಿದ್ದರು. ಕಾಕಾಸಾಹೇಬರಿಗೆ ಆ ಒಡ್ಡು ಮಗನಿಗಿಂತ ಹೆಚ್ಚು ಎಂದು ಊರೇ ಆಡಿಕೊಳ್ಳುತ್ತಿತ್ತು. ದಿನ ಬೆಳಗಾದರೆ ಕೋಲು ಹಿಡಿದು ಒಡ್ಡಿನ ಈ ತುದಿಯಿಂದ ಆ ತುದಿಗೆ ನಡೆಯುವರು. ಇಲಿ, ಏಡಿ ತೋಡಿದ ಬಿಲ ಕಂಡರೆ ತಾವೇ ಬಗ್ಗಿ ಜಿಗುಟು ಮಣ್ಣು ತುರುಕುವರು. ಜೀವಕ್ಕೆ ವಿಷ ಇಡಬಾರದು ಎಂದು ಔಷಧ ಮಾತ್ರ ಹಾಕಗೊಡುತ್ತಿರಲಿಲ್ಲ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲು ಒಡ್ಡಿನ ಬಲಬದಿಗೆ, ಕಲ್ಲು ನೆಲದ ಮೇಲೆ, ಒಂದು ಕೋಡಿ ಇತ್ತು. ಅಲ್ಲಿಯವರು ಅದನ್ನು ಸಾಂಡವಾ ಎನ್ನುತ್ತಾರೆ. 2016ರಲ್ಲಿ ಬೇಸಿಗೆ ಕೆಟ್ಟದ್ದಾಗಿ ಕಬ್ಬು ಒಣಗಿದ ಮೇಲೆ ಕಾಕಾಸಾಹೇಬರು ಆ ಸಾಂಡವಾದ ಮೇಲೆ ಕಲ್ಲು ಸಿಮೆಂಟಿನ ಎರಡೂವರೆ ಅಡಿ ಗೋಡೆ ಏರಿಸಿದರು. ಅಂದಿನಿಂದ ಮಳೆಗಾಲದಲ್ಲಿ ಎರಡೂವರೆ ಅಡಿ ನೀರು ಹೆಚ್ಚು ನಿಲ್ಲತೊಡಗಿತು. ಒಡ್ಡಿನ ಎತ್ತರ ಮಾತ್ರ ಇದ್ದಷ್ಟೇ ಇತ್ತು.

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಕೆಳಗಿನ ಮನೆಗಳ ತಾರವ್ವ ಮಜ್ಜಿಗೆಗೆಂದು ಬಂದವಳು ಹಿತ್ತಲಲ್ಲಿ ಕೂತು ಒಂದು ಮಾತು ಹೇಳಿದಳು.

"ಅಕ್ಕಾರ, ಕುರಿ ಕುಂಟಾಕತ್ತಾವ್ರಿ. ಗೊರಸು ಕೊಳ್ಯಾಕತ್ತಾವು. ಮಳಿಗಾಲದಾಗ ಆಗೂದು ಅದು. ಈಗ ಬ್ಯಾಸಗ್ಯಾಗ ಯಾಕ ಬಂತೋ ಏನೋ."

"ನೆಲಾ ಹಸಿ ಐತೇನು?"

"ಹಿಂದಿನ ಹಟ್ಟಿ ಎಲ್ಲಾ ಹಸೀನ ಐತ್ರಿ. ಎಷ್ಟ ಬೂದಿ ಹಾಕಿದ್ರೂ ಒಣಗವಲ್ದು."

ಕಾಂಚನ ಅವಳ ಜೊತೆಗೇ ಕೆಳಗಿಳಿದಳು. ಒಡ್ಡಿನೊಳಗಿಂದ ಕಾಲುವೆಗೆ ನೀರು ಬಿಡುವ ಸಿಮೆಂಟು ಪೈಪು ಬುಡದಲ್ಲಿ ಹೊರಬರುತ್ತದೆ. ಅದರಿಂದ ನಾಲ್ಕು ಹೆಜ್ಜೆ ಆಚೆಗೆ, ಹುಲ್ಲಿನ ನಡುವೆ, ಬೆರಳು ದಪ್ಪದ ಒಂದು ಒರತೆ ಬುಳುಬುಳು ಎನ್ನುತ್ತಿತ್ತು. ಆ ಜಾಗದಲ್ಲಿ ಅವಳು ಹಿಂದೆ ಅದನ್ನು ಕಂಡಿರಲಿಲ್ಲ.

ಮಾವನಿಗೆ ಹೇಳಿದಳು. ಅವರು ಹೋಗಿ ನೋಡಿ ಬಂದು ಕೈ ತೊಳೆದುಕೊಂಡರು. "ಒಡ್ಡ ಬೆವರತೈತಿ. ಮಣ್ಣಿಂದು ಅಂದಮ್ಯಾಲೆ ಬೆವರೂದ."

ಗಡಹಿಂಗ್ಲಜದಲ್ಲಿ ಗೊಬ್ಬರದ ಅಂಗಡಿ ನಡೆಸುವ ಜಿನೇಂದ್ರ, "ಅಪ್ಪಾರು ನೋಡ್ಯಾರಲ್ಲಾ, ಆತಲ್ಲ" ಎಂದ.

ಅದೇ ತಿಂಗಳ ಕೊನೆಗೆ ಅಂಗಡಿಗೆ ಹೋಗುವ ನೆಪ ಮಾಡಿ ಅವಳು ಪೇಟೆಯ ಒಂದು ಸರಕಾರಿ ಕಚೇರಿಗೂ ಹೋಗಿಬಂದಳು. ಅಲ್ಲಿಯ ಹುಡುಗ ಒಳ್ಳೆಯವನೇ, ಕುರ್ಚಿ ಕೊಟ್ಟು ಕೂರಿಸಿ ಮರಾಠಿಯಲ್ಲಿ ಕೇಳಿದ. ಕೊನೆಗೆ, "ಬಾಯಿ, ತೇ ಖಾಸಗಿ ಆಹೇ, ಆಮಚ್ಯಾ ಯಾದೀತ ನಾಹೀ" ಎಂದ. ಖಾಸಗಿ ಒಡ್ಡು ಅವರ ಪಟ್ಟಿಯಲ್ಲಿಲ್ಲ, ಒಡೆಯರೇ ನೋಡಿಕೊಳ್ಳಬೇಕು. ಒಡೆಯರು ಅರ್ಜಿ ಕೊಟ್ಟರೆ ಬಂದು ನೋಡಬಹುದು. ಅರ್ಜಿಯ ಮೇಲೆ ಕಾಕಾಸಾಹೇಬರ ಸಹಿ ಬೇಕು. ಅವಳು ನಮಸ್ಕಾರ ಹೇಳಿ ಎದ್ದು ಬಂದಳು.

ಕೊನೆಗೆ ನೆನಪಾದದ್ದು ತವರಿನ ಜಿನದತ್ತ ಮಾಮಾ. ಕಾಲುವೆ, ಕೆರೆಗಳ ಮೇಲೆ ಮೇಸ್ತ್ರಿಯಾಗಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಅವನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ನೀರ ತಿಳಿ ಐತೋ, ರಾಡಿ ಐತೋ?"

"ತಿಳಿ ಐತಿ ಮಾಮಾ."

"ತಿಳಿ ಇರೂತನಾ ನೋಡಕೋತ ಇರು. ರಾಡಿ ಬಂತಂದ್ರ ಒಡ್ಡಿನ ಹೊಟ್ಟ್ಯಾಗಿನ ಮಣ್ಣ ಹೊರಗ ಬರಾಕತ್ತೈತಿ ಅಂತ ತಿಳಕೊ. ಆಮ್ಯಾಲೆ ಅದು ಭಾಳ ದಿನಾ ತಡಿಯಂಗಿಲ್ಲ, ಕಾಂಚನಾ."

ಜೈನರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಕಾಂಚನ ಬಿಳಿ ಬಟ್ಟೆಯ ಒಂದು ತುಂಡು ಹರಿದು, ದಿನಾ ಬೆಳಿಗ್ಗೆ ಒರತೆಯ ನೀರನ್ನು ಒಂದು ತಂಬಿಗೆ ಹಿಡಿದು ಅದರಲ್ಲಿ ಸೋಸಿ ನೋಡತೊಡಗಿದಳು. ಮಾವ ಒಡ್ಡಿನ ಮೇಲೆ ನಡೆದು ಹೋದ ಮೇಲೆ, ಯಾರೂ ಕಾಣದ ಹೊತ್ತು ನೋಡಿ ಇಳಿಯುವಳು. ಏಪ್ರಿಲ್, ಮೇ, ಜೂನ್ ಪೂರ್ತಿ ಬಟ್ಟೆ ಬೆಳ್ಳಗೇ ಉಳಿಯಿತು. ಜುಲೈ ಇಪ್ಪತ್ತರ ಬೆಳಿಗ್ಗೆ, ನಾಲ್ಕು ದಿನ ಬಿಡದೆ ಸುರಿದ ಮಳೆಯ ನಂತರ, ಬಟ್ಟೆಯ ನಡುವೆ ಉಗುರಿನಷ್ಟು ಜಾಗ ಕೆಂಪಾಗಿತ್ತು. ಬೆರಳಿನಿಂದ ತಿಕ್ಕಿದಳು. ಹಿಟ್ಟಿನಷ್ಟು ನುಣ್ಣಗಿನ ಮಣ್ಣು.

ಅವಳು ಆ ಬಟ್ಟೆಯನ್ನು ಮಡಚಿ ಸೀರೆಗಳ ಅಡಿಗೆ ಇಟ್ಟಳು. ಮಳೆಯ ನೀರು ಹರಿದು ಬೆರೆತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ರೊಟ್ಟಿ ಬಡಿಯುವಾಗ ಕೈ ನಿಲ್ಲುತ್ತಿತ್ತು. ಮಳೆ ಜೋರಾದಾಗಲೆಲ್ಲ ಅಂಗಳಕ್ಕೆ ಬಂದು ಒಡ್ಡಿನ ಕಡೆ ಕಿವಿಗೊಟ್ಟು ನಿಲ್ಲುವಳು. ಹಾಗೆ ಐದು ದಿನ ಕಳೆದವು.

ಇಪ್ಪತ್ತೈದರಂದು ಹಿರಣ್ಯಕೇಶಿ ಹೊಳೆ ಉಕ್ಕಿ ಸೇತುವೆ ಮುಳುಗಿತು. ಹಿಂದಿನ ದಿನ ಅಂಗಡಿಗೆ ಹೋಗಿದ್ದ ಜಿನೇಂದ್ರ ಗಡಹಿಂಗ್ಲಜದಲ್ಲೇ ಉಳಿದ. ಹರ್ಷದಾ ಓದಲೆಂದು ಬೇರೆ ಊರಿನಲ್ಲಿದ್ದಳು. ಬೆಳಿಗ್ಗೆ ಎಂಟಕ್ಕೆ ಕಾಂಚನ ಗೋಣಿ ತಲೆಗೆ ಹೊದ್ದು ಕೆಳಗಿಳಿದಳು. ಒರತೆ ಈಗ ಬೆರಳು ದಪ್ಪ ಇರಲಿಲ್ಲ, ತೊಡೆ ದಪ್ಪ ಇತ್ತು. ಸೋಸುವ ಬಟ್ಟೆ ಬೇಕಾಗಿರಲಿಲ್ಲ. ನೀರು ಚಹಾದ ಬಣ್ಣದಲ್ಲಿ ಕುದಿಯುತ್ತಿತ್ತು. ಸುತ್ತ ಕೆಮ್ಮಣ್ಣು ಹುತ್ತದ ಹಾಗೆ ಗುಡ್ಡೆಯಾಗಿತ್ತು. ಮೇಲೆ ಹತ್ತಿ ನೋಡಿದರೆ, ನೀರು ಸಾಂಡವಾದ ಗೋಡೆಯ ನೆತ್ತಿಗೆ ಮುಟ್ಟಿತ್ತು.

ಅವಳು ಜಿನದತ್ತ ಮಾಮಾನಿಗೆ ಫೋನು ಹಚ್ಚಿದಳು. ನೋಡಿದ್ದೆಲ್ಲ ಹೇಳಿದಳು.

"ಕೆಳಗ ಮಂದಿ ಇದ್ದಾರೇನು?"

"ಏಳ ಮನಿ."

"ಮೊದಲ ಅವರನ್ನ ಎಬ್ಬಿಸು. ಆಮ್ಯಾಲೆ ಸಾಂಡವಾದ ಗ್ವಾಡಿ ಒಡಸು, ನೀರ ಇಳೀಬೇಕು. ಒರತಿ ಬಾಯಿಗೆ ಮಣ್ಣ ತುರುಕಿ ಮುಚ್ಚಬ್ಯಾಡ್ರಿ, ಬ್ಯಾರೆ ಕಡೆ ಒಡಕೊಂಡ ಹೊರಗ ಬರತೈತಿ. ಉಸುಕು, ಅದರ ಮ್ಯಾಲೆ ಸಣ್ಣ ಖಡಿ, ಅದರ ಮ್ಯಾಲೆ ದಪ್ಪ ಖಡಿ ಹಾಕ್ರಿ. ನೀ ಮನ್ಯಾಗ ನೀರ ಸೋಸ್ತಿಯಲ್ಲಾ, ಹಂಗ. ನೀರ ಹೋಗ್ಲಿ, ಮಣ್ಣ ಉಳೀಲಿ."

ಅವಳು ಮನೆಗೆ ಓಡಿದಳು. ಕಾಕಾಸಾಹೇಬರು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತನಾಲ್ಕು ವರ್ಷ, ಎರಡು ದಿನದಿಂದ ಜ್ವರ, ಒಡ್ಡಿನ ಕಡೆ ಹೋಗಿರಲಿಲ್ಲ.

"ಮಾಂವಾರ, ಒಡ್ಡ ರಾಡಿ ಕಾರಾಕತ್ತೈತಿ. ಸಾಂಡವಾದ ಗ್ವಾಡಿ ಒಡಿಬೇಕ್ರಿ."

"ಯಾರ ಹೇಳಿದ್ರು?"

"ನಾ ನೋಡೇನ್ರಿ."

"ಮೂವತ್ತೆಂಟ ವರ್ಷ ನಿಂತದ್ದು ಅದು. ನಿನ್ನ ಕಣ್ಣಿಗೆ ಎಲ್ಲಾ ಕಡೆ ಶಿರೋಳದ ಮಹಾಪೂರ ಕಾಣತೈತಿ." ಅವರ ದನಿ ಏರಿತು. "ಕೆಳಗಿನ ಮಂದೀಗೆ ಏನೂ ಹೇಳಬ್ಯಾಡ. ಅವರು ಅಂಜಿ ಓಡಿಹೋದ್ರ, ಕಾಕಾಸಾಹೇಬನ ಒಡ್ಡ ಒಡೀತಂತ ನಾಳೆ ಉತ್ತೂರ ಸಂತಿತನಾ ಸುದ್ದಿ ಆಗತೈತಿ."

ಇಪ್ಪತ್ತೊಂದು ವರ್ಷದಲ್ಲಿ ಕಾಂಚನ ಮಾವನಿಗೆ ಎದುರಾಡಿರಲಿಲ್ಲ. ಅಂದೂ ಆಡಲಿಲ್ಲ. ತಲೆಯ ಮೇಲಿನ ಗೋಣಿ ಸರಿ ಮಾಡಿಕೊಂಡು ಹೊರಗೆ ಹೋದಳು. ದನದ ಕೊಟ್ಟಿಗೆಯಲ್ಲಿದ್ದ ಆಳು ರಾಮಲಿಂಗನಿಗೆ, "ಹಾರಿ, ಸುತ್ತಿಗಿ ತಗೊಂಡು ಸಾಂಡವಾದ ಹಂತ್ಯಾಕ ನಿಂದ್ರು. ಮಾಂವಾರು ಹೇಳಿದ್ರ ಒಡೀಬೇಕು" ಎಂದಳು. ಆಮೇಲೆ ಕೆಳಗಿನ ಮನೆಗಳಿಗೆ ನಡೆದಳು.

ಮಳೆಗಾಲದಲ್ಲಿ ಅಲ್ಲಿಯ ಗಂಡಸರು ಕುರಿ ಹೊಡೆದುಕೊಂಡು ಪೂರ್ವದ ಬಯಲಿಗೆ ಹೋಗಿಬಿಡುತ್ತಾರೆ. ಮನೆಗಳಲ್ಲಿ ಇದ್ದದ್ದು ಹೆಂಗಸರು, ಮುದುಕರು, ಮಕ್ಕಳು, ನಡೆಯಲಾರದ ಕುರಿಮರಿಗಳು. ಒಟ್ಟು ಇಪ್ಪತ್ತಮೂರು ಜೀವ, ಮರಿಗಳನ್ನು ಬಿಟ್ಟು. ತಾರವ್ವ ಒಲೆ ಮುಂದೆ ಕೂತಿದ್ದಳು.

"ತಾರವ್ವಾ, ಏಳ್ರಿ. ಎಲ್ಲಾರೂ ನಮ್ಮ ಕೊಟ್ಟಿಗಿಗೆ ನಡೀರಿ. ಒಡ್ಡಿನ ಮ್ಯಾಲೆ ಭರವಸೆ ಇಲ್ಲ."

ತಾರವ್ವ ಅವಳ ಮುಖ ನೋಡಿದಳು. "ಕಾಕಾಸಾಹೇಬ್ರ ಹೇಳ್ಯಾರೇನ್ರಿ?"

"ಇಲ್ಲ. ನಾ ಹೇಳಾಕತ್ತೇನಿ."

"ಅವರ ಹೇಳ್ಲಿ ತಗೋರಿ ಅಕ್ಕಾರ. ನಮ್ಮತ್ತಿ ಹಾಸಿಗಿ ಹಿಡದಾಳ, ಎರಡ ದಿನದ ಮರಿ ಅದಾವು. ಈ ಮಳ್ಯಾಗ ಎಲ್ಲಿಗೆ ಹೊರಸ್ತೀರಿ? ಕಾಕಾಸಾಹೇಬ್ರ ಕಟ್ಟಿದ್ದು ಹಂಗ ಹೋಗಂಗಿಲ್ಲ."

ಬೇರೆ ಮನೆಗಳ ಹೆಂಗಸರೂ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಕದಲಲಿಲ್ಲ. ಒಬ್ಬಳು ಸೆರಗಿನ ಮರೆಯಲ್ಲಿ ನಕ್ಕಂತೆಯೂ ಕಂಡಿತು. ಕಾಂಚನಳ ಬೆನ್ನ ಹಿಂದೆ ಒರತೆಯ ಸದ್ದು ಕೇಳುತ್ತಿತ್ತು. ಓಡಿ ದಿನ್ನೆ ಹತ್ತಿಬಿಡಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು ಎಂದು ಅವಳು ಆಮೇಲೆ ಹೇಳಿದ್ದಾಳೆ. ಅವಳು ಓಡಲಿಲ್ಲ. ತಾರವ್ವನ ಅಂಗಳದಲ್ಲಿ, ಕೆಸರಿನಲ್ಲೇ, ಕೂತುಬಿಟ್ಟಳು.

"ಇದೇನ್ರಿ ಅಕ್ಕಾರ? ಏಳ್ರಿ, ಸೀರಿ ರಾಡಿ ಆತು."

"ನೀವು ಹೋಗೂತನಾ ನಾ ಏಳಂಗಿಲ್ಲ. ಒಡದ್ರ ನನ್ನ ಮ್ಯಾಲೂ ಬರ್ಲಿ."

ಅವಳ ಹಲ್ಲು ಕಟಕಟ ಕಡಿಯುತ್ತಿದ್ದವು. ಎರಡೂ ಕೈಗಳಿಂದ ಮೊಣಕಾಲು ಬಿಗಿಯಾಗಿ ಹಿಡಿದಿದ್ದಳು. ತಾರವ್ವ ಹತ್ತಿರ ಬಂದು ಎಬ್ಬಿಸಲು ಅವಳ ಭುಜ ಹಿಡಿದಳು. ಆ ನಡುಕ ಅವಳ ಕೈಗೆ ತಿಳಿಯಿತು. ಆಟಕ್ಕೆ, ಹಟಕ್ಕೆ ಯಾರೂ ಹಾಗೆ ನಡುಗುವುದಿಲ್ಲ. ತಾರವ್ವನ ಮುಖ ಬಣ್ಣಗೆಟ್ಟಿತು. ಅವಳು ಒಡ್ಡಿನ ಕಡೆ ಒಮ್ಮೆ ನೋಡಿ, ತಿರುಗಿ ಕೂಗಿದಳು.

"ಏ ಬಾಳವ್ವಾ, ಕೂಸಗೋಳ್ನ ಎತಗೋರಿ! ಮುದಕಿನ್ನ ಕಂಬಳ್ಯಾಗ ಹಾಕ್ರಿ! ನಡೀರಿ, ನಡೀರಿ!"

ಹೊಗೆ ಹಾಕಿದ ಜೇನಿನಂತೆ ಏಳೂ ಮನೆ ಎದ್ದವು. ತಾರವ್ವನ ಅತ್ತೆಯನ್ನು ಕಂಬಳಿಯಲ್ಲಿ ಮಲಗಿಸಿ ನಾಲ್ವರು ಹಿಡಿದರು. ಮಕ್ಕಳು ಒಂದೊಂದು ಮರಿಯನ್ನು ಎದೆಗೊತ್ತಿಕೊಂಡವು. ಜಾರುವ ಏರಿನಲ್ಲಿ ಮೂರು ಸಲ ಹತ್ತಿ ಇಳಿದರು. ಕಾಂಚನ ಹೇಳಿದ ಮಾತಿನಂತೆ ಕಡೆಯ ಮನೆ ಖಾಲಿಯಾಗುವ ತನಕ ಅಂಗಳ ಬಿಟ್ಟು ಏಳಲಿಲ್ಲ. ಮುಕ್ಕಾಲು ಗಂಟೆ ಕೂತಿದ್ದಳು.

ಕೊಟ್ಟಿಗೆಗೆ ಮಂದಿ ಬರುವುದನ್ನು ಕಾಕಾಸಾಹೇಬರು ಪಡಸಾಲೆಯಿಂದ ನೋಡಿದರು. ಕೋಲೂರಿ ಎದ್ದು ಬಂದು, "ನಮ್ಮ ಸೊಸಿ ಎಲ್ಲಿ?" ಎಂದು ಕೇಳಿದರು.

"ನಮ್ಮ ಅಂಗಳದಾಗ ಕುಂತಾರ್ರಿ. ಒಡ್ಡಿನ ಕೆಳಗ" ಎಂದಳು ತಾರವ್ವ.

ಮುದುಕರು ಜ್ವರದ ಮೈಯಲ್ಲಿ ಮಳೆಗೆ ಇಳಿದರು. ತಾರವ್ವ ಕೈ ಹಿಡಿದುಕೊಂಡಳು. ಕೆಸರಿನಲ್ಲಿ ಕೂತ ಸೊಸೆಯನ್ನು ದಾಟಿ ಅವರು ನೇರ ಒರತೆಗೆ ಹೋದರು. ಬಗ್ಗಿ ಆ ನೀರಿನೊಳಗೆ ಕೈ ಇಟ್ಟರು. ಅಂಗೈ ತುಂಬ ಕೆಮ್ಮಣ್ಣು ಬಂತು. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಮಗುವಿನ ಹಾಗೆ ಗಾಬರಿಯಾದ ದನಿಯಲ್ಲಿ ಮೇಲಕ್ಕೆ ಕೂಗಿದ್ದು ಎಲ್ಲರಿಗೂ ಕೇಳಿಸಿತು.

"ರಾಮಲಿಂಗಾ, ಒಡೀ! ಗ್ವಾಡಿ ಒಡೀ!"

ಗೋಡೆ ಗಟ್ಟಿಯಾಗಿತ್ತು. ರಾಮಲಿಂಗನೊಬ್ಬನಿಂದ ಆಗುವಂತಿರಲಿಲ್ಲ. ಬಾಳವ್ವ, ಇನ್ನೂ ನಾಲ್ವರು ಹೆಂಗಸರು ಹತ್ತಿ ಹೋಗಿ ಹಾರಿ ಹಿಡಿದರು. ಕಾಂಚನ ತಾರವ್ವನನ್ನೂ ಉಳಿದವರನ್ನೂ ಕರೆದುಕೊಂಡು, ಮನೆ ರಿಪೇರಿಗೆಂದು ತರಿಸಿ ಹಾಕಿದ್ದ ಉಸುಕು, ಖಡಿ ಎನ್ನುವ ಜಲ್ಲಿಕಲ್ಲುಗಳನ್ನು ಬುಟ್ಟಿಗಳಲ್ಲಿ ಹೊತ್ತು ಒರತೆಯ ಬಾಯಿಗೆ ಮಾಮಾ ಹೇಳಿದಂತೆ ಸುರಿಸತೊಡಗಿದಳು. ಮೊದಮೊದಲು ಸುರಿದ ಉಸುಕೆಲ್ಲ ಕೊಚ್ಚಿಹೋಯಿತು. ಹತ್ತಿಪ್ಪತ್ತು ಬುಟ್ಟಿಯಾದ ಮೇಲೆ ನಿಲ್ಲತೊಡಗಿತು. ಅಷ್ಟರಲ್ಲಿ ತಲೆಯ ಮೇಲೆ ಚಕ್ಕಡಿ ಮಗುಚಿದಂಥ ಸದ್ದಾಯಿತು. ಪೈಪಿನ ಮೇಲುಗಡೆ ಒಡ್ಡಿನ ಇಳಿಜಾರಿನ ಒಂದು ಹೋಳು, ಹುಲ್ಲು ಸಮೇತ, ಜಾರಿ ಕೆಳಗೆ ಕೂತಿತು. ಎಲ್ಲರೂ ಬುಟ್ಟಿ ಚೆಲ್ಲಿ ಓಡಿದರು. ಕಾಂಚನಳೂ ಓಡಿದಳು. ದಿನ್ನೆಯ ಅರ್ಧಕ್ಕೆ ಹೋಗಿ ತಿರುಗಿ ನೋಡಿದಾಗ ಒಡ್ಡು ಇನ್ನೂ ನಿಂತಿತ್ತು. ಅದೇ ಗಳಿಗೆಗೆ ಬಲಬದಿಯಲ್ಲಿ ಗೋಡೆ ಬಿದ್ದು, ನೀರು ಭೋರೆಂದು ಕಲ್ಲಿನ ಮೇಲೆ ಹಾರಿ ಪಕ್ಕದ ಹಳ್ಳಕ್ಕೆ ಹೊರಟಿತು.

ಆಮೇಲೆ ಉಳಿದದ್ದು ಕಾಯುವುದು. ಯಾರೂ ಕೆಳಗಿಳಿಯಲಿಲ್ಲ, ಯಾರೂ ಊಟ ಮಾಡಲಿಲ್ಲ. ಕೊಟ್ಟಿಗೆಯಲ್ಲಿ ದನ, ಮರಿ, ಮಕ್ಕಳ ನಡುವೆ ಕೂತು ಎಲ್ಲರೂ ಒಡ್ಡಿನ ನೆತ್ತಿಯನ್ನೇ ನೋಡುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಎರಡಡಿ ಇಳಿಯಿತು. ಸಂಜೆ ಬೆಳಕಿರುವಾಗಲೇ ರಾಮಲಿಂಗ ಹೋಗಿ ನೋಡಿಬಂದು, ಖಡಿಯ ಸಂದಿಯಿಂದ ಬರುವ ನೀರು ತೆಳ್ಳಗಾಗಿದೆ, ಬಣ್ಣ ತಿಳಿಯಾಗಿದೆ ಎಂದ. ತಾರವ್ವನ ಅತ್ತೆ ಕಂಬಳಿಯೊಳಗಿಂದ, "ಇನ್ನ ಒಂದೀಟ ಚಹಾ ಆದ್ರೂ ಮಾಡ್ರವಾ" ಎಂದಳು. ಆಗ ಕಾಂಚನಳಿಗೆ ಅಳು ಬಂತು.

ಮಳೆ ನಿಂತ ಮೇಲೆ ಜಿನೇಂದ್ರ ಪಂಪು ಹಚ್ಚಿ ಕೆರೆ ಬರಿದು ಮಾಡಿಸಿದ. ನವೆಂಬರದಲ್ಲಿ ಜಿನದತ್ತ ಮಾಮಾ ಬಂದು ನಿಂತು ಪೈಪಿನ ಗುಂಟ ಒಡ್ಡನ್ನು ಸೀಳಿಸಿದ. ನಡುಮಧ್ಯದಲ್ಲಿ ಎರಡು ಪೈಪು ಕೂಡುವ ಜಾಗ ಬಾಯಿ ಬಿಟ್ಟಿತ್ತು. ಅದರ ಸುತ್ತ ಮಣ್ಣು ಕರಗಿ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಪೊಳ್ಳಾಗಿತ್ತು.

ಅಂದು ಮಧ್ಯಾಹ್ನ ಕಾಕಾಸಾಹೇಬರು ಸೊಸೆಯನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಪೈಪ ಇಟ್ಟ ದಿವಸ ಮಳಿ ಮುಂಚೇನ ಬಂತು. ಆ ಕೂಡು ಸರಿ ಕುಂತಿರಲಿಲ್ಲ. ಮತ್ತ ಎತ್ತಿ ಇಡೂನು ಅಂದ್ರ ಆ ವರ್ಷದ ನೀರ ಹೋಗತಿತ್ತು. ಹಂಗ ಮಣ್ಣ ಎಳದೆ. ಅಂದಿನಿಂದ ಒಂದಿನಾನೂ ಸುಖಾ ನಿದ್ದಿ ಮಾಡಿಲ್ಲ ನಾ. ಪ್ರೀತೀಲೆ ಒಡ್ಡಿನ ಮ್ಯಾಲೆ ಅಡ್ಡಾಡತಾನ ಅಂತಿದ್ರು ಮಂದಿ. ಅಂಜಿ ಅಡ್ಡಾಡತಿದ್ದೆ."

"ಮತ್ತ ಸಾಂಡವಾ ಯಾಕ ಏರಿಸಿದ್ರಿ?"

"ಮೂವತ್ತ ವರ್ಷ ಏನೂ ಆಗ್ಲಿಲ್ಲಲ್ಲಾ. ಇನ್ನ ಏನೂ ಆಗಂಗಿಲ್ಲ ಅಂತ ನಂಬಬೇಕಾಗಿತ್ತು ನನಗ."

ಅವರು ಈ ಮಾತನ್ನು ಕೆಳಗಿನ ಮನೆಯವರ ಮುಂದೆಯೂ ಹೇಳಿ ಕೈ ಮುಗಿದರು. ದಿನ್ನೆಯ ಮೇಲೆ ಅವರಿಗೆ ಬೇರೆ ಜಾಗ ಬರೆದುಕೊಟ್ಟರು. ಮಾವ ಹಾಗೆ ತಪ್ಪೊಪ್ಪಿಕೊಂಡದ್ದನ್ನು ಕೇಳಿ ಬಂದ ರಾತ್ರಿ ಕಾಂಚನಳಿಗೆ ತಾನು ಸೀರೆಗಳ ಅಡಿಗೆ ಮುಚ್ಚಿಟ್ಟ ಕೆಂಪು ಕಲೆಯ ಬಟ್ಟೆ ಕಣ್ಣಿಗೆ ಕಟ್ಟಿತು. ಬೆಳಗಾದ ಮೇಲೆ ಅದನ್ನು ತೆಗೆದುಕೊಂಡು ಹೋಗಿ ತಾರವ್ವನಿಗೆ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ತಾರವ್ವ ಬಟ್ಟೆಯನ್ನು ಮುಟ್ಟಲಿಲ್ಲ. "ಐದ ದಿನಾ ನಿಮಗ ಗೊತ್ತಿತ್ರಿ. ಆ ಐದೂ ದಿನಾ ನನ್ನ ಮೊಮ್ಮಗಳು ಅಲ್ಲೇ ಆಡ್ಯಾಳ, ಅಲ್ಲೇ ಮಲಗ್ಯಾಳ."

"ಹೌದು ತಾರವ್ವಾ."

"ಯಾಕ ಹೇಳಲಿಲ್ಲ?"

"ಅಂಜಿದೆ. ಮಾಂವಾರಿಗೂ ಅಂಜಿದೆ, ಖರೇ ಇದ್ರ ಏನ ಗತಿ ಅಂತಾನೂ ಅಂಜಿದೆ."

ತಾರವ್ವ ಎದ್ದು ಒಳಗೆ ಹೋದಳು. ಆ ಚಳಿಗಾಲ ಪೂರ್ತಿ ಅವಳು ಮಜ್ಜಿಗೆಗೆ ಬರಲಿಲ್ಲ. ಮೊಮ್ಮಗಳನ್ನೂ ಕಳಿಸಲಿಲ್ಲ.

ಬೇಸಿಗೆಯಲ್ಲಿ ಹೊಸ ಪೈಪು ಕೂರಿಸಿ, ಪದರು ಪದರಾಗಿ ಮಣ್ಣು ತುಳಿಸಿ ಒಡ್ಡನ್ನು ಮತ್ತೆ ಕಟ್ಟಿದರು, ಮೊದಲಿಗಿಂತ ಆರಡಿ ಗಿಡ್ಡ. ಸಾಂಡವಾವನ್ನು ಎರಡು ಪಟ್ಟು ಅಗಲ ಮಾಡಿದರು. ಕಬ್ಬು ಅರ್ಧಕ್ಕೆ ಇಳಿಯಿತು. ಉಳಿದ ನೆಲದಲ್ಲಿ ಜಿನೇಂದ್ರ ಸೋಯಾಬೀನ್ ಹಾಕಿದ. ಪೇಟೆಯ ಕಚೇರಿಗೆ ಅರ್ಜಿ ಹೋಯಿತು, ಕಾಕಾಸಾಹೇಬರ ಸಹಿಯೊಂದಿಗೆ. ಆ ಹುಡುಗನೇ ಬಂದು ಅಳತೆ ಮಾಡಿಕೊಂಡು ಹೋದ.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಕಾಂಚನ ಒಡ್ಡಿನ ಕಡೆ ಹೊರಟಾಗ ತಾರವ್ವ ದಾರಿಯಲ್ಲಿ ನಿಂತಿದ್ದಳು.

"ನಾನೂ ಬರತೇನ್ರಿ. ನೋಡಬೇಕು ನನಗ."

ಇಪ್ಪತ್ತೈದು ವರ್ಷ ಅದರ ಬುಡದಲ್ಲಿ ಬಾಳಿದವಳು ಒಡ್ಡಿನ ಮೇಲೆ ಹತ್ತಿದ್ದು ಅದೇ ಮೊದಲು. ಕೆರೆ ಅರ್ಧ ತುಂಬಿತ್ತು, ಮಳೆಹನಿ ಬಿದ್ದಲ್ಲೆಲ್ಲ ಸಣ್ಣ ಉಂಗುರಗಳು ಏಳುತ್ತಿದ್ದವು. ತಾರವ್ವ ನೀರಿನ ಈ ದಡದಿಂದ ಆ ದಡಕ್ಕೆ ಕಣ್ಣು ಹಾಯಿಸಿದಳು. ತಿರುಗಿ ಕೆಳಗೆ ತನ್ನ ಹಳೆಯ ಮನೆಯ ಪಾಯದ ಕಲ್ಲುಗಳನ್ನು ನೋಡಿದಳು.

"ಇಷ್ಟ ನೀರ ನಮ್ಮ ತಲಿ ಮ್ಯಾಲೆ ಇತ್ರೀ?"

"ಇದಕ್ಕಿಂತಾ ಭಾಳ ಇತ್ತು."

ತಾರವ್ವ ಕಾಂಚನಳ ಕೈ ಹಿಡಿದುಕೊಂಡಳು. ಇಬ್ಬರ ಕೈಗಳೂ ತಣ್ಣಗಿದ್ದವು. ಮಳೆ ಜೋರಾಗುವ ಮೊದಲು ಪೈಪಿನ ಬಾಯಿ ನೋಡಿಬರಬೇಕಿತ್ತು. ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಾಲು ಜಾರದಂತೆ, ಅವರು ಇಳಿಜಾರು ಇಳಿಯತೊಡಗಿದರು.